ನೀರಿನ ಹಾಜರಿ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಚಾಳೀಸು ಸ್ವಿಚ್ ಒತ್ತಿದ. ಮೆಟ್ಟಿಲ ಬುಡದಲ್ಲಿ, ಲೆಟರ್ ಬಾಕ್ಸುಗಳ ಕೆಳಗೆ, ಹಳೆಯ ಮೇಜಿನ ಮೇಲೆ ಕೂರಿಸಿದ್ದ ಮಾನಿಟರು ಎರಡು ಸಲ ಕಣ್ಣು ಮಿಟುಕಿಸಿ ಎಚ್ಚರಗೊಂಡಿತು. ಒಂದರ ಕೆಳಗೊಂದು ಎಂಟು ಸಾಲು ಮೂಡಿದವು. ಒಂದನೇ ಮನೆ: ಉತ್ತರವಿಲ್ಲ. ಎರಡನೇ ಮನೆ: ಉತ್ತರವಿಲ್ಲ. ಎಂಟನೆಯದರವರೆಗೂ ಅದೇ ಮಾತು. ಚಂದಾ ಎತ್ತುವವರು ಬಂದಾಗ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡ ಹಾಗಿತ್ತು.

“ಮೊದಲನೇ ಸಲ ಹೀಗೇ,” ಎಂದ ಚಾಳೀಸು, ಪಕ್ಕದಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಹೆಂಡತಿಗೆ. “ಸ್ವಲ್ಪ ನಾಚ್ಕೋತವೆ.”

“ಸಂಜೆ ಆರಕ್ಕೆ ಸಭೆ,” ಎಂದಳು ಹೆಂಡತಿ.

“ಆರಕ್ಕೆ ತಾನೇ. ಇದನ್ನ ಎಂಟೂವರೆಗೇ ಮುಗಿಸಿ ಬಂದು ತಿಂಡಿ ತಿಂತೀನಿ. ಬಿಸಿಯಾಗಿ ಇಟ್ಟಿರು.”

ಚಾಳೀಸುವಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಇಪ್ಪತ್ತಾರು ವರ್ಷ ಕನ್ನಡಕದ ಅಂಗಡಿ ನಡೆಸಿದವನಿಗೆ ಹೆಸರಿಡುವ ಹಕ್ಕು ಅಪ್ಪ ಅಮ್ಮನ ಕೈಯಲ್ಲಿ ಉಳಿಯುವುದಿಲ್ಲ. ಬೆನ್ನ ಹಿಂದೆ ಎಲ್ಲರಿಗೂ ಚಾಳೀಸು, ಎದುರಿಗೆ ಸಿಕ್ಕರೆ ಸಾರ್. ಐವತ್ತೊಂದನೇ ವಯಸ್ಸಿಗೆ ಅವನಿಗೆ ಮೈಕ್ರೋಕಂಟ್ರೋಲರಿನ ಹುಚ್ಚು ಹತ್ತಿತ್ತು. ಎರಡು ಬೆರಳಗಲದ ಒಂದು ಬೋರ್ಡು, ಅದರೊಳಗೊಂದು ಚಿಟಿಕೆ ಮಿದುಳು. ಹೇಳಿದ್ದನ್ನು ಎದುರುತ್ತರವಿಲ್ಲದೆ ಮಾಡುತ್ತದೆ. ಮನೆಯಲ್ಲಿ ಹಾಗೆ ನಡೆದುಕೊಳ್ಳುವವರು ಬೇರೆ ಯಾರೂ ಇಲ್ಲದ್ದರಿಂದ ಅವನಿಗೆ ಅದರ ಮೇಲೆ ಪ್ರಾಣ. ಭಾನುವಾರಗಳಲ್ಲಿ ಕ್ಲಾಸಿಗೆ ಹೋಗಿ ಮೂರು ತಿಂಗಳಲ್ಲಿ ಕಲಿತ. ಕಲಿತ ಮೇಲೆ ಅವನ ನಡಿಗೆಯ ಧಾಟಿಯೇ ಬದಲಾಯಿತು.

ಆ ವಿದ್ಯೆಗೆ ಸರಿಯಾಗಿ ಕಟ್ಟಡಕ್ಕೆ ಒಂದು ಕಷ್ಟವೂ ಒದಗಿ ಬಂತು. ನಾಲ್ಕು ಅಂತಸ್ತು, ಅಂತಸ್ತಿಗೆ ಎರಡರಂತೆ ಎಂಟು ಮನೆ. ತಾರಸಿಯ ಮೇಲೆ ಎಲ್ಲರಿಗೂ ಸೇರಿ ಒಂದೇ ಟ್ಯಾಂಕು. ಎರಡು ತಿಂಗಳಿಂದ, ಸಂಜೆ ತುಂಬಿಸಿದ ಟ್ಯಾಂಕು ಬೆಳಿಗ್ಗೆ ಒಂಬತ್ತೂವರೆಗೆಲ್ಲ ತಳ ತೋರಿಸುತ್ತಿತ್ತು. ಹಿಂದಿನ ವಾರದ ಸಭೆಯಲ್ಲಿ ಚಾಳೀಸು ಎದ್ದು ನಿಂತು, ಕೆಳಗಿನ ಒಂದನೇ ಮನೆಯ ಲಾಂಡ್ರಿ ಅಕ್ಕನ ಎರಡು ವಾಷಿಂಗ್ ಮೆಷಿನ್ನುಗಳೇ ಟ್ಯಾಂಕನ್ನು ಕುಡಿಯುತ್ತಿವೆ ಎಂದು ಹೇಳಿಬಿಟ್ಟಿದ್ದ. ಅಕ್ಕ ಲಾಡ್ಜುಗಳ ಹಾಸು ಹೊದಿಕೆ ಒಗೆದು ಸಂಸಾರ ನಡೆಸುವವಳು. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

“ಅಂದಾಜಲ್ಲಿ ಹೇಳ್ಬೇಡಿ ಸಾರ್,” ಎಂದಿದ್ದಳು. “ಅಳೆದು ತೋರಿಸಿ. ನನ್ನದೇ ತಪ್ಪು ಅಂತಾದ್ರೆ ಮೆಷಿನ್ ಎತ್ಕೊಂಡು ನಾನೇ ಬೇರೆ ಕಡೆ ಹೋಗ್ತೀನಿ.”

“ಮುಂದಿನ ಭಾನುವಾರ ಸಂಜೆ ಆರು ಗಂಟೆಗೆ ತೋರಿಸ್ತೀನಿ,” ಎಂದಿದ್ದ ಚಾಳೀಸು. “ಬರೀ ಲೀಟರಲ್ಲ. ಲೀಟರಾದ್ಮೇಲೆ ಚುಕ್ಕಿ, ಚುಕ್ಕಿ ಆದ್ಮೇಲೆ ಎರಡು ಅಂಕಿ.”

ಚುಕ್ಕಿ ಆದ ಮೇಲಿನ ಎರಡು ಅಂಕಿ ಸಭೆಯ ಮೇಲೆ ಬಹಳ ಪರಿಣಾಮ ಬೀರಿತು. ನಾಲ್ಕನೇ ಮನೆಯ ಅಧ್ಯಕ್ಷರು, ಅಂದರೆ ನಿವೃತ್ತ ಪೋಸ್ಟ್ ಮಾಸ್ಟರು, ಅದನ್ನು ನಡಾವಳಿ ಪುಸ್ತಕದಲ್ಲಿ ಅಡಿಗೆರೆ ಎಳೆದು ಬರೆದುಕೊಂಡರು.

ಏರ್ಪಾಡು ಸರಳವಾಗಿಯೇ ಇತ್ತು. ಟ್ಯಾಂಕಿನಿಂದ ಎಂಟು ಮನೆಗೆ ಎಂಟು ಪೈಪು. ಒಂದೊಂದು ಪೈಪಿಗೂ ಒಂದು ಸೆನ್ಸರು. ಒಳಗೆ ನೀರು ಹರಿದರೆ ತಿರುಗುವ ಸಣ್ಣ ಚಕ್ರ, ಅದರ ಸುತ್ತು ಎಣಿಸಲು ಉಗುರಿನಷ್ಟು ದೊಡ್ಡ ಚಿಪ್. ಕೆಳಗಿನ ಬೋರ್ಡು ಶಾಲೆಯ ಮೇಷ್ಟ್ರ ಹಾಗೆ ಒಂದು, ಎರಡು, ಮೂರು ಎಂದು ಹಾಜರಿ ಕರೆಯಬೇಕು. ನಂಬರು ಕೇಳಿಸಿಕೊಂಡ ಸೆನ್ಸರು ಎದ್ದು ನಿಂತು ಲೆಕ್ಕ ಒಪ್ಪಿಸಬೇಕು. ಈಗ ಮೇಷ್ಟ್ರು ಗಂಟಲು ಹರಿಯುವ ಹಾಗೆ ಕರೆಯುತ್ತಿದ್ದರೂ ಇಡೀ ತರಗತಿ ಬೆಂಚಿನ ಕೆಳಗೆ ಅಡಗಿತ್ತು.

ಚಾಳೀಸು ಜೇಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ತಾರಸಿಗೆ ಹತ್ತಿದ. ವೈರು ಬದಲಿಸಿದಾಗ ಕೆಳಗೆ ಮಾನಿಟರಿನಲ್ಲಿ ಏನು ಬಂತೆಂದು ತಿಳಿಯಬೇಕಲ್ಲ. ಅವನ ಫೋನು ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡುತ್ತಾ ಕೆಳಗೇ ಕೂತಿತ್ತು. ಹೀಗಾಗಿ ಹೆಂಡತಿ ಮಾನಿಟರಿನ ಎದುರು, ಮೊದಲ ಅಂತಸ್ತಿನಲ್ಲಿ ಮೂರನೇ ಮನೆಯ ದೊಡ್ಡಮ್ಮ, ಎರಡನೆಯದರಲ್ಲಿ ಐದನೇ ಮನೆಯ ಸಂಗೀತದ ಮೇಷ್ಟ್ರು, ಮೂರನೆಯದರಲ್ಲಿ ಎಂಟನೇ ಮನೆಯ ಬಸ್ ಡ್ರೈವರು, ಹೀಗೆ ಮೆಟ್ಟಿಲುದ್ದಕ್ಕೂ ಒಂದು ಸರಪಳಿ ತಾನಾಗಿಯೇ ಏರ್ಪಟ್ಟಿತು. ಯಾರನ್ನೂ ಕರೆದಿರಲಿಲ್ಲ. ಕರೆಯಬೇಕಾದ ಅಗತ್ಯ ಆ ಕಟ್ಟಡದಲ್ಲಿ ಎಂದೂ ಬಿದ್ದಿರಲಿಲ್ಲ.

“ಉತ್ತರವಿಲ್ಲ,” ಎಂದಳು ಹೆಂಡತಿ.

ದೊಡ್ಡಮ್ಮನಿಗೆ ಬಲಗಿವಿ ಸ್ವಲ್ಪ ಮಂದ. “ಹತ್ತಿರವಿಲ್ಲ ಅಂತೆ,” ಎಂದು ಮೇಲಕ್ಕೆ ದಾಟಿಸಿದರು.

ಸಂಗೀತದ ಮೇಷ್ಟ್ರು ಅದನ್ನು ಎಳೆದು, ಕೊನೆಯಲ್ಲಿ ಒಂದಿಷ್ಟು ತೂಗಿ ಹಾಡಿದರು. ಡ್ರೈವರ್ ತಾರಸಿಯ ಬಾಗಿಲಿಗೆ ಬಂದು, “ಎತ್ತರ ಇಲ್ವಂತೆ ಸಾರ್,” ಎಂದ.

ಚಾಳೀಸು ಯೋಚಿಸಿದ. ಇರಬಹುದು ಅನ್ನಿಸಿತು. ವೈರುಗಳ ಡಬ್ಬಿಯ ಕೆಳಗೆ ಎರಡು ಇಟ್ಟಿಗೆ ಇಟ್ಟ. “ಈಗ?”

ಪ್ರಶ್ನೆ ಇಳಿದು ಹೋಗಿ ಉತ್ತರ ಹತ್ತಿ ಬಂತು. “ಈಗಲೂ ಎತ್ತರ ಇಲ್ಲ.”

ನಾಲ್ಕು ಇಟ್ಟಿಗೆಯಾಯಿತು. ಆರಾಯಿತು. ಎಂಟನೆಯದಕ್ಕೆ ಡಬ್ಬಿ ಚಾಳೀಸುವಿನ ಸೊಂಟದ ಮಟ್ಟಕ್ಕೆ ಬಂದಾಗ ಅವನಿಗೆ ಏನೋ ಅನುಮಾನ ಬಂದು ನಾಲ್ಕು ಅಂತಸ್ತು ಇಳಿದು ಹೋಗಿ ಹೆಂಡತಿಯನ್ನು ಕೇಳಿದ.

“ನಾನ್ಯಾಕೆ ಎತ್ತರದ ವಿಷಯ ಮಾತಾಡ್ಲಿ?” ಎಂದಳು ಅವಳು. “ತಿಂಡಿ ಆರಿಹೋಯ್ತು.”

ಮತ್ತೆ ಹತ್ತಿ, ಇಟ್ಟಿಗೆ ಇಳಿಸಿ, ಬರೆದುಕೊಂಡ ಚಿತ್ರ ಬಿಡಿಸಿ ನೋಡಿದ. ಮಾತಾಡಲು ಇದ್ದದ್ದು ಎರಡು ವೈರು, ಹಳದಿ ಮತ್ತು ಹಸಿರು. ಹಳದಿ ಇರಬೇಕಾದ ಕಡೆ ಹಸಿರು, ಹಸಿರಿನ ಕಡೆ ಹಳದಿ ಕೂತಿದ್ದವು. ಬಾಯಿಗೆ ಕಿವಿ ಜೋಡಿಸಿ, ಕಿವಿಗೆ ಬಾಯಿ ಜೋಡಿಸಿದರೆ ಯಾರು ತಾನೇ ಉತ್ತರ ಕೊಟ್ಟಾರು. ಚಾಳೀಸುವಿಗೆ ಖುಷಿಯಾಯಿತು. ತಪ್ಪು ಸಿಕ್ಕಿದ್ದು ತನ್ನ ಕೈಗೇ ಅಲ್ಲವೇ. ಬದಲಿಸುವಾಗ ಚಕ್ರಗಳು ತಿರುಗಬಾರದೆಂದು ಎಂಟು ಮನೆಯ ವಾಲ್ವುಗಳನ್ನೂ ಒಂದೊಂದಾಗಿ ಮುಚ್ಚಿದ.

ಆಗ ಗಂಟೆ ಒಂಬತ್ತು. ಟ್ಯಾಂಕು ಖಾಲಿಯಾಗುವ ಮೊದಲು ಸ್ನಾನ ಮುಗಿಸಬೇಕೆಂದು ಕಟ್ಟಡದ ಅರ್ಧ ಜನ ಬಚ್ಚಲಲ್ಲಿದ್ದ ಹೊತ್ತು. ಐದು ನಿಮಿಷದಲ್ಲಿ ಅಧ್ಯಕ್ಷರು ಟವೆಲ್ ಸುತ್ತಿಕೊಂಡು, ತಲೆಯ ಮೇಲೆ ಒಂದು ಗೇಣು ನೊರೆ ಹೊತ್ತು, ಒಂದೇ ಕಣ್ಣು ತೆರೆದು ತಾರಸಿಯ ಬಾಗಿಲಲ್ಲಿ ಪ್ರತ್ಯಕ್ಷರಾದರು.

“ಏನ್ರೀ ಇದು?”

“ಎರಡೇ ನಿಮಿಷ ಸಾರ್. ಇದು ವಿಜ್ಞಾನ.”

“ನಿಮ್ಮ ವಿಜ್ಞಾನ ನನ್ನ ಕಣ್ಣಿಗೆ ಹೋಗಿ ಉರೀತಾ ಇದೆ.”

ಬಟ್ಟೆ ಹರವಲು ಬಂದಿದ್ದ ಲಾಂಡ್ರಿ ಅಕ್ಕ ತನ್ನ ಬಕೆಟ್ಟಿನಲ್ಲಿದ್ದ ನೀರನ್ನು ಚೊಂಬಿನಲ್ಲಿ ಎತ್ತಿ ಅಧ್ಯಕ್ಷರ ತಲೆಗೆ ಹೊಯ್ದಳು. ಅಧ್ಯಕ್ಷರು ತೊಳೆದ ಮುಖದಿಂದ ಚಾಳೀಸುವನ್ನು ಎರಡೂ ಕಣ್ಣಲ್ಲಿ ಒಮ್ಮೆ ನೋಡಿ ಇಳಿದು ಹೋದರು. ಬಟ್ಟೆ ಬದಲಿಸಿ, ನಡಾವಳಿ ಪುಸ್ತಕ ಹಿಡಿದು ಮೆಟ್ಟಿಲ ಬುಡದಲ್ಲಿ ಬಂದು ಕೂತರು. ಇನ್ನು ಮೇಲೆ ಈ ಕೆಲಸದ ಒಂದೊಂದು ಹೆಜ್ಜೆಯೂ ದಾಖಲಾಗಬೇಕು ಎಂದರು.

ಹನ್ನೊಂದು ಗಂಟೆಗೆ, ಪಂಪು ಹಾಕಿ ಟ್ಯಾಂಕು ಮತ್ತೆ ತುಂಬಿಸಿ, ವಾಲ್ವುಗಳನ್ನು ತೆರೆದು ಕೆಳಗೆ ಬಂದು ಸ್ವಿಚ್ ಒತ್ತಿದಾಗ, ‘ಉತ್ತರವಿಲ್ಲ’ ಮಾಯವಾಗಿ ಮೂರನೇ ಸಾಲಿನಲ್ಲಿ ಒಂದು ಅಂಕಿ ಮೂಡಿತು. ನಿಂತಿದ್ದವರು ಚಪ್ಪಾಳೆ ತಟ್ಟಿದರು. ಆಮೇಲೆ ಅಂಕಿಯನ್ನು ಓದಿದರು. ಮೂರನೇ ಮನೆ: ಅರವತ್ತೈದು ಸಾವಿರದ ಐನೂರ ಮೂವತ್ತೈದು ಲೀಟರ್.

ಎಲ್ಲರೂ ದೊಡ್ಡಮ್ಮನ ಕಡೆ ತಿರುಗಿದರು. ಎಪ್ಪತ್ತು ದಾಟಿದ ಒಂಟಿ ಜೀವ. ಅಧ್ಯಕ್ಷರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

“ಬೆಳಿಗ್ಗೆಯಿಂದಾನಾ?” ಎಂದು ಕೇಳಿದರು.

“ನಾನೇನು ಮನೇಲಿ ಆನೆ ಸಾಕಿದೀನಾ?” ಎಂದರು ದೊಡ್ಡಮ್ಮ. “ಬೇಕಾದ್ರೆ ಬಂದು ನೋಡಿ. ಒಂದು ಬಕೆಟ್ಟು, ಒಂದು ಚೊಂಬು, ಒಂದು ನಾನು.”

“ಬರ್ಕೋಬೇಡಿ, ಬರ್ಕೋಬೇಡಿ,” ಎಂದು ಚಾಳೀಸು ಅಡ್ಡ ಬಂದ. ಆ ಕಡೆಯಿಂದ ಯಾರೂ ಬಾಯಿ ಬಿಡದಿದ್ದರೆ ಬೋರ್ಡು ಮೌನವನ್ನೇ ತನಗೆ ಗೊತ್ತಿರುವ ಅತಿ ದೊಡ್ಡ ಅಂಕಿಯೆಂದು ಬರೆದುಕೊಳ್ಳುತ್ತದೆ, ಅದು ನೀರಲ್ಲ, ಬರೀ ಮೌನ ಎಂದು ಬಿಡಿಸಿ ಹೇಳಿದ. ಹೇಳಿಕೊಡುವುದೆಂದರೆ ಅವನಿಗೆ ಹಸಿವು ನಿದ್ದೆ ಬೇಡ. ಕೇಳುವವರಲ್ಲಿ ಲಾಂಡ್ರಿ ಅಕ್ಕನೂ ಇದ್ದಳು. ಈ ಯಂತ್ರ ಸರಿಯಾಗುವುದು ಅವನಿಗಿಂತ ಅವಳಿಗೇ ಹೆಚ್ಚು ಬೇಕಿತ್ತು. ಬಟ್ಟೆ ಕ್ಲಿಪ್ಪುಗಳನ್ನು ತಂದು ವೈರುಗಳನ್ನು ಜಡೆ ಹಾಕಿದ ಹಾಗೆ ಓರಣವಾಗಿ ಕಚ್ಚಿಸಿಟ್ಟಿದ್ದಳು. ಯಾವುದು ಏಕೆ ಎಂದು ಒಂದೊಂದನ್ನೂ ಕೇಳಿ ತಿಳಿದುಕೊಳ್ಳುತ್ತಿದ್ದಳು.

“ಸಾರ್, ಒಂದು ಮಾತು,” ಎಂದ ಡ್ರೈವರ್. “ಮೇಲಿನ ಸೆನ್ಸರಿಗೆ ಕರೆಂಟ್ ಮೇಲಿಂದ ಕೊಟ್ಟಿದೀರಿ, ಕೆಳಗಿನ ಬೋರ್ಡಿಗೆ ಕೆಳಗಿಂದ. ಎರಡರ ಕಪ್ಪು ವೈರೂ ಒಂದಕ್ಕೊಂದು ಸೇರಿಸಿದೀರಾ? ಬಸ್ಸಲ್ಲಿ ಲೈಟು ಹುಚ್ಚುಹುಚ್ಚಾಗಿ ಆಡಿದ್ರೆ ನಾವು ಮೊದ್ಲು ನೋಡೋದೇ ಅದನ್ನ.”

ಚಾಳೀಸು ಬಗ್ಗಿ ಕಪ್ಪು ವೈರಿನ ತುದಿ ಹುಡುಕಿದ. “ನಾನು ಅದಕ್ಕೇ ಬರ್ತಿದ್ದೆ,” ಎಂದ.

ಕಪ್ಪು ವೈರುಗಳನ್ನು ಸೇರಿಸಿದ್ದೇ ತಡ, ಆರು ಮನೆಗಳು ಬಾಯಿಬಿಟ್ಟವು. ಅಡುಗೆಯ ಹೊತ್ತಾದ್ದರಿಂದ ಹೆಚ್ಚಿನ ಮನೆಗಳ ಅಂಕಿ ಏರುತ್ತಲೇ ಇತ್ತು. ದೊಡ್ಡಮ್ಮನ ಮನೆಯದು ಅರವತ್ತೈದು ಸಾವಿರದಿಂದ ಸೊನ್ನೆಗೆ ಇಳಿಯಿತು. ಅವರು ಅಧ್ಯಕ್ಷರ ಪುಸ್ತಕ ಇಸಿದುಕೊಂಡು ತಮ್ಮ ಹೆಸರು ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಆದರೆ ಎಂಟು ಬಾಯೇ ಬಿಡಲಿಲ್ಲ, ಏಳು ತೊದಲುತ್ತಿತ್ತು. ಒಮ್ಮೆ ನಾಲ್ಕು ಲೀಟರ್ ಎಂದರೆ ಮರುಕ್ಷಣ ಒಂಬೈನೂರು. ಚಾಳೀಸು ಎರಡು ಸೆನ್ಸರನ್ನೂ ಬಿಚ್ಚಿ, ಒರೆಸಿ, ಊದಿ ಮತ್ತೆ ಕೂರಿಸಿದ. ಬಿಚ್ಚಿದ ಜಾಗದಿಂದ ನೀರು ಚಿಮ್ಮಿ ಅವನ ಶರ್ಟು ಮೈಗೆ ಅಂಟಿತು. ಒಂದು ಗಂಟೆಗೆ ಹೆಂಡತಿ ಊಟಕ್ಕೆ ಕರೆದಳು. “ಬಂದೇ,” ಎಂದ. ಎರಡಕ್ಕೆ ಕರೆದಾಗಲೂ ಅದನ್ನೇ ಎಂದ.

ಅಲ್ಲಿಯವರೆಗೂ ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದ ಸಂಗೀತದ ಮೇಷ್ಟ್ರು ಬಾಯಿಬಿಟ್ಟರು. “ನನ್ನ ಕ್ಲಾಸಲ್ಲಿ ಹೀಗೇ ಆಗುತ್ತೆ. ಒಂದೇ ಹೆಸರಿನ ಇಬ್ರು ಹುಡುಗೀರಿದಾರೆ. ಒಬ್ಬಳನ್ನ ಹಾಡು ಅಂದ್ರೆ ಇಬ್ರೂ ಹಾಡ್ತಾರೆ. ಕೇಳೋಕಾಗಲ್ಲ.”

ಚಾಳೀಸು ಏಳನೆಯದನ್ನೂ ಎಂಟನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಎರಡಕ್ಕೂ ತಾನೇ ಏಳು ಎಂಬ ನಂಬರು ಕೊಟ್ಟಿದ್ದ.

“ಈಗ ತಾನೇ ಅದನ್ನೇ ಅನ್ಕೋತಿದ್ದೆ,” ಎಂದು ಎಂಟನೆಯದಕ್ಕೆ ಹೊಸ ನಂಬರು ಬರೆದ. ಅಧ್ಯಕ್ಷರು ‘ಕಾರಣ ಮೂರು: ಒಂದೇ ನಂಬರಿನ ಇಬ್ಬರು’ ಎಂದು ಪುಸ್ತಕಕ್ಕೆ ಸೇರಿಸಿದರು. ಯಂತ್ರದ ವಿದ್ಯೆ ತಮಗೂ ಒಲಿಯುತ್ತಿದೆ ಎಂಬ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು.

ಮೂರೂವರೆಗೆ ಎಂಟೂ ಮನೆ ಉತ್ತರ ಕೊಟ್ಟವು. ಮೂರು ಮೂವತ್ತೊಂದಕ್ಕೆ ಎಂಟೂ ಮಾಯವಾದವು. ಮತ್ತೆ ಬಂದವು, ಮತ್ತೆ ಹೋದವು. ಯಾರಾದರೂ ಮೆಟ್ಟಿಲ ಲೈಟು ಹಾಕಿದರೆ ಅರ್ಧ ಮನೆಗಳು ಮೂರ್ಛೆ ಹೋಗುತ್ತಿದ್ದವು. ಚಾಳೀಸು ಪ್ರೋಗ್ರಾಮಿನಲ್ಲಿ ಅದನ್ನು ತಿದ್ದಿದ, ಇದನ್ನು ತಿದ್ದಿದ. ಹಾಜರಿ ಕರೆಯುವ ವೇಗ ಅರ್ಧ ಮಾಡಿದ, ಕಾಲು ಮಾಡಿದ. ಕಡೆಗೆ ಮೊದಲ ಮನೆಯ ಉತ್ತರ ಬರುವಷ್ಟರಲ್ಲಿ ದೊಡ್ಡಮ್ಮ ಒಂದು ತೂಕಡಿಕೆ ಮುಗಿಸಿ ಏಳುವಂತಾಯಿತು. ಅಷ್ಟಾದರೂ ಅವನ ಧೈರ್ಯಕ್ಕೆ ಒಂದು ಗೀರೂ ಬೀಳಲಿಲ್ಲ. “ಹತ್ರ ಬಂದಿದೀವಿ,” ಎನ್ನುತ್ತಲೇ ಇದ್ದ. ಅವನ ಒಟ್ಟು ಹತ್ತಿಳಿತ ಆ ಹೊತ್ತಿಗೆ ಹದಿನೇಳು ಸಲ ಎಂದು ನಡಾವಳಿ ಪುಸ್ತಕ ಹೇಳುತ್ತಿತ್ತು.

“ಸಾರ್, ತಪ್ಪು ತಿಳೀಬೇಡಿ,” ಎಂದಳು ಲಾಂಡ್ರಿ ಅಕ್ಕ. “ಮೇಲಿಂದ ಕೆಳಗಿನವರೆಗೂ ವೈರು ಇಷ್ಟುದ್ದ ಯಾಕೆ ಎಳೆದಿದೀರಿ? ಬಟ್ಟೆ ಹಗ್ಗ ಉದ್ದ ಆದ್ರೆ ನಡುವೆ ಜೋಲುತ್ತೆ. ಒಂದೋ ಹಗ್ಗ ಚಿಕ್ಕದು ಮಾಡ್ತೀವಿ, ಇಲ್ಲಾ ನಡುವೆ ಒಂದು ಗಳ ಕೊಟ್ಟು ಎತ್ತಿ ನಿಲ್ಲಿಸ್ತೀವಿ.”

“ಇದು ಹಗ್ಗ ಅಲ್ಲಮ್ಮ, ಇದರೊಳಗೆ ಸಿಗ್ನಲ್…” ಎಂದು ಶುರು ಮಾಡಿದ ಚಾಳೀಸು ಅಲ್ಲೇ ನಿಂತ. ಅವನ ಕ್ಲಾಸಿನ ಮೇಷ್ಟ್ರು ಎರಡನೇ ತಿಂಗಳಲ್ಲಿ ಹೇಳಿದ್ದೂ ಇದನ್ನೇ. ಉದ್ದವಾದರೆ ಸಿಗ್ನಲ್ ಕುಸಿಯುತ್ತದೆ. ಅದನ್ನು ಮೇಲೆತ್ತಿ ಹಿಡಿಯಲು ಎರಡು ರೆಸಿಸ್ಟರ್ ಹಾಕಬೇಕು, ಆದಷ್ಟೂ ವೈರು ಚಿಕ್ಕದಿರಬೇಕು. ಆ ದಿನ ಅವನು ಟಿಪ್ಪಣಿ ಬರೆದುಕೊಂಡಿರಲಿಲ್ಲ, ಇದೆಲ್ಲ ಚಿಕ್ಕ ವಿಷಯ ಎಂದುಕೊಂಡಿದ್ದ.

“ಬೋರ್ಡನ್ನೇ ತಾರಸಿಗೆ ಒಯ್ಯೋಣ,” ಎಂದು ಘೋಷಿಸಿದ, ಇಡೀ ದಿನದ ಯೋಜನೆಯೇ ಅದಾಗಿತ್ತು ಎಂಬ ಗತ್ತಿನಲ್ಲಿ. “ಸಭೆಯೂ ಅಲ್ಲೇ ಆಗ್ಲಿ. ಎಲ್ಲಾ ಮನೆಯವರೂ ನಲ್ಲಿ ಮುಚ್ಚಿ, ಬಾಗಿಲು ಹಾಕಿ ಮೇಲೆ ಬನ್ನಿ. ಮೊದ್ಲು ಎಂಟೂ ಸೊನ್ನೆ ತೋರಿಸ್ಬೇಕು. ಆಮೇಲೆ ಅಕ್ಕನ ಮೆಷಿನ್ ಶುರು ಮಾಡಿಸಿ ನೋಡೋಣ. ಇದಕ್ಕಿಂತ ನ್ಯಾಯ ಬೇಕಾ?”

ನ್ಯಾಯವಾಗಿಯೇ ಇತ್ತು. ಡ್ರೈವರ್ ಮಾನಿಟರ್ ಹೊತ್ತ, ಮೇಷ್ಟ್ರು ಮೇಜಿನ ಒಂದು ಕಡೆ ಹಿಡಿದರು. ಅಕ್ಕ ಲ್ಯಾಪ್‌ಟಾಪನ್ನು ಸೀರೆಯ ಸೆರಗಿನಲ್ಲಿ ಎಳೆಗೂಸಿನ ಹಾಗೆ ಸುತ್ತಿ ತಂದಳು. ಐದೂ ನಲವತ್ತಕ್ಕೆ ಟ್ಯಾಂಕಿನ ಪಕ್ಕದಲ್ಲಿ, ಒಂದು ಮೊಳ ವೈರು, ಎರಡು ರೆಸಿಸ್ಟರು ಹಾಕಿ ಜೋಡಿಸಿದ್ದಾಯಿತು. ಐದೂ ಐವತ್ತಕ್ಕೆ ಚಾಳೀಸು ಲೆಕ್ಕಗಳನ್ನೆಲ್ಲ ಅಳಿಸಿ ಸ್ವಿಚ್ ಒತ್ತಿದ.

ಒಂದನೇ ಮನೆ ಸೊನ್ನೆ. ಎರಡನೆಯದು ಸೊನ್ನೆ. ಎಂಟೂ ಸಾಲು ಕವಾಯತಿಗೆ ನಿಂತ ಹಾಗೆ ಬಂದವು. ಮಿಟುಕಲಿಲ್ಲ, ತೊದಲಲಿಲ್ಲ. ಚಾಳೀಸು ಸೊಂಟದ ಮೇಲೆ ಕೈಯಿಟ್ಟು ದೂರದ ಮನೆಗಳ ಮೇಲೆ ಒಮ್ಮೆ ದೃಷ್ಟಿ ಹಾಯಿಸಿದ. ಬೆನ್ನಿನಲ್ಲಿ ನೋವು, ಹೊಟ್ಟೆಯಲ್ಲಿ ಹಸಿವು, ಮೈಮೇಲೆ ಒದ್ದೆ ಶರ್ಟು. ಆದರೂ ಅವನಿಗೆ ತಾನು ಒಂದು ಅಂಗೈ ಎತ್ತರ ಬೆಳೆದ ಹಾಗೆ ಅನ್ನಿಸಿತು. ಒಬ್ಬೊಬ್ಬರೇ ಏದುಸಿರು ಬಿಡುತ್ತಾ ಮೇಲೆ ಬಂದು ಕುರ್ಚಿ, ಮಣೆ, ಬಕೆಟ್ಟು ಬೋರಲು ಹಾಕಿ ಕೂರತೊಡಗಿದರು. ಯಾರ ಮನೆಯಲ್ಲೂ ಒಂದು ನೊಣವೂ ಉಳಿದಿರಲಿಲ್ಲ.

ಆಗ ಅವನ ಕಣ್ಣು ಪರದೆಯ ಮೇಲೆ ಬಿತ್ತು. ಆರನೇ ಮನೆ: ನಾಲ್ಕು ಲೀಟರ್, ಚುಕ್ಕಿ, ಎರಡು ಅಂಕಿ.

ಆರನೇ ಮನೆ ಅವನದು.

ತೊದಲು ಇರಬಹುದು ಎಂದು ಕಾದ. ಐದಾಯಿತು. ಆರಾಯಿತು. ತೊದಲಲ್ಲ. ನೆಟ್ಟಗೆ, ಆತುರವಿಲ್ಲದೆ, ಗಡಿಯಾರದಂತೆ ಏರುತ್ತಿತ್ತು. ನಂಬರು ನೋಡಿದ, ಆರೇ. ಕಪ್ಪು ವೈರು ನೋಡಿದ, ಗಟ್ಟಿಯಾಗಿತ್ತು. ಕೊನೆಗೆ ಯಾರೂ ನೋಡದ ಹಾಗೆ ಬಗ್ಗಿ ಆರನೇ ಪೈಪನ್ನು ಮುಟ್ಟಿದ. ಪೈಪು ತಣ್ಣಗಿತ್ತು. ಒಳಗೆ ನೀರು ಜುಳುಜುಳು ಹರಿಯುವುದು ಬೆರಳಿಗೆ ತಿಳಿಯುತ್ತಿತ್ತು.

ಹೆಂಡತಿಯ ಪಕ್ಕಕ್ಕೆ ಸರಿದು, ತುಟಿ ಅಲ್ಲಾಡಿಸದೆ ಕೇಳಿದ. “ಯಾವ್ದಾದ್ರೂ ನಲ್ಲಿ ಬಿಟ್ಟು ಬಂದ್ಯಾ?”

“ಇಲ್ಲ. ಎಲ್ಲಾ ಮುಚ್ಚಿದೀನಿ.”

“ನೀರು ಹೋಗ್ತಿದೆ.”

“ಫ್ಲಶ್ ಟ್ಯಾಂಕು ಇರ್ಬೇಕು,” ಎಂದಳು ಅವಳು, ಕರೆಂಟು ಹೋಗಿದೆ ಎನ್ನುವಷ್ಟು ಸಹಜವಾಗಿ. “ಎರಡು ತಿಂಗಳಿಂದ ಒಂದೇ ಸಮ ಸುರೀತಿದೆ. ಪ್ಲಂಬರ್‌ನ ಕರೀರಿ ಅಂದಾಗಲೆಲ್ಲ ನಾಳೆ ಅಂದ್ರಿ, ಈ ವಾರ ಮೊದ್ಲು ಸೆನ್ಸರ್ ಕೆಲಸ ಮುಗೀಲಿ ಅಂದ್ರಿ.”

“ಆ ಸದ್ದು ಐದನೇ ಮನೇದು ಅನ್ಕೊಂಡಿದ್ದೆ,” ಎಂದ ಚಾಳೀಸು ಮೆಲ್ಲಗೆ.

ಅಧ್ಯಕ್ಷರು ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. ಗಂಟೆ ಆರಾಗಲು ಎರಡು ನಿಮಿಷ. ಚಾಳೀಸುವಿನ ಮುಖ ಹುಳ್ಳಗಾದದ್ದು ಒಂದೇ ಕ್ಷಣ. ಮರುಕ್ಷಣ ಅವನು ಮಾನಿಟರಿಗೆ ಅಡ್ಡ ನಿಂತು, ಕೈ ಹಿಂದಕ್ಕೆ ಕಟ್ಟಿದ. ಹಿಂದೆ ಕಟ್ಟಿದ ಕೈ ಆರನೇ ಸೆನ್ಸರಿನ ವೈರನ್ನು ಹುಡುಕಿ ಹಿಡಿದು ಒಂದು ಸಣ್ಣ ಎಳೆತ ಕೊಟ್ಟಿತು. ಬೆಳಗಿನಿಂದ ಯಾವ ಮಾತನ್ನು ಓಡಿಸಲು ಹತ್ತಿ ಇಳಿದಿದ್ದನೋ, ಅದನ್ನು ಅವನೇ ಕೈಯಾರೆ ಪರದೆಯ ಮೇಲೆ ತಂದು ಕೂರಿಸಿದ. ಆರನೇ ಮನೆ: ಉತ್ತರವಿಲ್ಲ.

“ನೋಡಿ,” ಎಂದ, ಪಕ್ಕಕ್ಕೆ ಸರಿದು, ಬಹಳ ಬೇಸರದ ದನಿಯಲ್ಲಿ. “ಏಳು ಸರಿಯಾಗಿವೆ. ಒಂದು ಕೈಕೊಟ್ಟಿದೆ. ಎಂಟೂ ಸರಿ ಇಲ್ದೆ ಯಾರ ಮೇಲೂ ಮಾತಾಡೋದು ತಪ್ಪಾಗುತ್ತೆ. ಸೆನ್ಸರೇ ಸುಟ್ಟಿರಬಹುದು. ಹೊಸದು ತರಿಸಿ ಇನ್ನೊಂದು ತಿಂಗಳಲ್ಲಿ…”

“ಸುಟ್ಟಿದ್ರೆ ವಾಸನೆ ಬರಬೇಕಲ್ಲ,” ಎಂದು ಡ್ರೈವರ್ ಎದ್ದ. “ಅರ್ಥ್ ನೋಡೋಣ ಇರಿ.” ಬಗ್ಗಿ ಕಪ್ಪು ವೈರು ಹಿಡಿದು ಅಲ್ಲಾಡಿಸಿದ. “ಅರ್ಥ್ ಸರಿ ಇದೆ.”

“ನಂಬರು ಕೂಗಿಸಿ ನೋಡಿ,” ಎಂದರು ಸಂಗೀತದ ಮೇಷ್ಟ್ರು. “ಆರು ಇಬ್ರಿದಾರೇನೋ.”

“ಇಲ್ಲ, ಒ‍ಂದೇ ಇದೆ,” ಎಂದರು ದೊಡ್ಡಮ್ಮ, ಸೆನ್ಸರುಗಳ ಮೇಲಿನ ಚೀಟಿಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ. “ಉತ್ತರ ಇಲ್ಲ ಅಂದ್ರೆ ಮೌನ ತಾನೇ. ಅರವತ್ತೈದು ಸಾವಿರ ಆದ್ರೂ ಬರ್ಬೇಕಿತ್ತು.”

ಅಧ್ಯಕ್ಷರು ಪುಸ್ತಕ ತಿರುವಿ ಹಾಕಿ ಓದಿದರು. “ಕಾರಣ ಒಂದು: ಹಳದಿ ಹಸಿರು ಅದಲು ಬದಲು. ಅದನ್ನ ನೋಡಿದ್ರಾ?”

ಚಾಳೀಸು ನೋಡುತ್ತಾ ನಿಂತ. ಹನ್ನೊಂದು ಗಂಟೆ ಕಾಲ ತಾನು ಬಿಡಿಸಿ ಬಿಡಿಸಿ ಹೇಳಿಕೊಟ್ಟ ಪಾಠವನ್ನು ಇಡೀ ಕಟ್ಟಡ ಕಂಠಪಾಠ ಮಾಡಿಕೊಂಡಿತ್ತು. ಲಾಂಡ್ರಿ ಅಕ್ಕ ಮಂಡಿಯೂರಿ ಕೂತು, ತಾನೇ ಕಚ್ಚಿಸಿದ್ದ ಕ್ಲಿಪ್ಪುಗಳ ಸಾಲಿನ ಮೇಲೆ ಬೆರಳಾಡಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದಳು.

“ಆರನೇದರ ಹಸಿರು ವೈರು ಹೊರಗೆ ಬಂದಿದೆ ಸಾರ್.”

“ಗಾಳಿಗಿರ್ಬೇಕು,” ಎಂದ ಚಾಳೀಸು.

ಡ್ರೈವರ್ ಹಗ್ಗದ ಮೇಲಿನ ಲಾಡ್ಜಿನ ಹಾಸುಗಳ ಕಡೆ ನೋಡಿದ. ಫೋಟೊಗೆ ನಿಂತ ಹಾಗೆ ಒಂದೂ ಅಲ್ಲಾಡುತ್ತಿರಲಿಲ್ಲ.

“ಬಿಡಮ್ಮ, ನಾಳೆ ನಾನೇ…” ಎನ್ನುವಷ್ಟರಲ್ಲಿ ಅಕ್ಕ ಹಸಿರು ವೈರನ್ನು ಅದರ ತೂತಿಗೆ ಸರಿಯಾಗಿ ಕೂರಿಸಿ, ಹೆಬ್ಬೆರಳಿನಿಂದ ಅದುಮಿದಳು. ಚಾಳೀಸು ಹೇಳಿಕೊಟ್ಟಿದ್ದ ಹಾಗೆಯೇ, ಟಿಕ್ ಎಂದು ಸದ್ದು ಬರುವವರೆಗೆ.

ಕರೆಯುವವರು ಇಲ್ಲದಿದ್ದರೂ ಸೆನ್ಸರು ತನ್ನ ಪಾಡಿಗೆ ತಾನು ಎಣಿಸುತ್ತಲೇ ಇತ್ತು. ಹಾಜರಿ ಕೇಳಿದ ಕೂಡಲೇ ಎದ್ದು ನಿಂತು ಒಪ್ಪಿಸಿತು. ಆರನೇ ಮನೆ: ಇಪ್ಪತ್ತೆಂಟು ಲೀಟರ್, ಚುಕ್ಕಿ, ನಲವತ್ತು. ಉಳಿದ ಏಳು, ಒಂದನೇ ಮನೆಯೂ ಸೇರಿ, ಸೊನ್ನೆಯಲ್ಲಿ ತಣ್ಣಗಿದ್ದವು. ಎಲ್ಲರೂ ನೋಡುತ್ತಿದ್ದಂತೆ ಇಪ್ಪತ್ತೆಂಟು ಇಪ್ಪತ್ತೊಂಬತ್ತಾಯಿತು.

ಅಧ್ಯಕ್ಷರು ಗಡಿಯಾರ ನೋಡಿ, ಬೆರಳು ಮಡಿಸಿ, ಪುಸ್ತಕದ ಅಂಚಿನಲ್ಲಿ ಗುಣಿಸಿದರು. “ನಿಮಿಷಕ್ಕೆ ಎರಡು. ಗಂಟೆಗೆ ನೂರಿಪ್ಪತ್ತು. ದಿನಕ್ಕೆ ಎರಡು ಸಾವಿರದ ಎಂಟುನೂರ ಎಂಬತ್ತು. ಟ್ಯಾಂಕು ಇರೋದೇ ನಾಲ್ಕು ಸಾವಿರ.” ಕನ್ನಡಕದ ಮೇಲಿಂದ ನೋಡಿದರು. “ಮನೇಲಿ ಯಾರಿದಾರೆ?”

“ಯಾರೂ ಇಲ್ಲ, ಫ್ಲಶ್ ಟ್ಯಾಂಕು,” ಎಂದಳು ಹೆಂಡತಿ. ಬೆಳಗಿನಿಂದ ಗಂಡನನ್ನು ಬಿಟ್ಟು ಬೇರೆ ಯಾರಾದರೂ ಅವಳನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲಾದ್ದರಿಂದ ಪೂರ್ತಿಯಾಗಿಯೇ ಉತ್ತರ ಕೊಟ್ಟಳು.

ಚಾಳೀಸು ಕೈ ಎತ್ತಿದ. ಎಲ್ಲರೂ ಅವನು ತಪ್ಪೊಪ್ಪಿಕೊಳ್ಳುತ್ತಾನೆ ಎಂದುಕೊಂಡರು. “ಒಂದು ಮಾತು ಮಾತ್ರ ದಾಖಲಾಗ್ಲಿ,” ಎಂದ ಅವನು. “ಯಂತ್ರ ಚುಕ್ಕಿ ಆದ್ಮೇಲಿನ ಎರಡು ಅಂಕಿವರೆಗೂ ಕರಾರುವಾಕ್ಕಾಗಿದೆ.”

ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಅಧ್ಯಕ್ಷರು ಹಾಗೆಯೇ ಬರೆದುಕೊಂಡರು. ಕಟ್ಟಡದ ಪರವಾಗಿ ಚಾಳೀಸುವಿಗೆ ಅಭಿನಂದನೆ ಎಂದೂ ಬರೆದರು. ಅದರ ಕೆಳಗೆ, ಪ್ಲಂಬರ್ ಬಂದು ಸರಿ ಮಾಡುವವರೆಗೆ ಆರನೇ ಮನೆಯ ವಾಲ್ವು ಮುಚ್ಚಿರತಕ್ಕದ್ದು ಎಂದು ಬರೆದು ಎಲ್ಲರ ಸಹಿ ಹಾಕಿಸಿದರು. ಡ್ರೈವರ್ ಫೋನ್ ಮಾಡಿ ವಿಚಾರಿಸಿದ. ಪ್ಲಂಬರ್ ಊರಲ್ಲಿರಲಿಲ್ಲ, ಬರುವುದು ಗುರುವಾರ.

ಲಾಂಡ್ರಿ ಅಕ್ಕ ಆರನೇ ವಾಲ್ವನ್ನು ತಿರುಗಿಸಿ ಬಿಗಿ ಮಾಡಿದಳು. ಅಂಕಿ ಐವತ್ತೊಂದರಲ್ಲಿ ನಿಂತಿತು. ಜನ ಕುರ್ಚಿ, ಮಣೆ ಎತ್ತಿಕೊಂಡು ಇಳಿಯತೊಡಗಿದರು. ಅಕ್ಕ ಒಣಗಿದ ಹಾಸುಗಳನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡು ಹೊರಟವಳು, ಬಾಗಿಲ ಹತ್ತಿರ ನಿಂತು, ಚಾಳೀಸುವಿನ ಮೈಗಂಟಿದ ಶರ್ಟನ್ನೂ ಕೆಸರಾದ ಪ್ಯಾಂಟನ್ನೂ ಒಮ್ಮೆ ನೋಡಿದಳು.

“ಸಾರ್,” ಎಂದಳು, ಎಂದಿನ ಮೆಲುದನಿಯಲ್ಲೇ. “ಗುರುವಾರದವರೆಗೂ ನಿಮ್ಮನೇಲಿ ನೀರಿರಲ್ಲ. ಬಟ್ಟೆ ಇದ್ರೆ ಕೊಟ್ಟುಬಿಡಿ. ನನ್ನ ಮೆಷಿನ್ನಲ್ಲಿ ಜಾಗ ಇದೆ.”